ಡಬ್ಬಕ್ಕೊಂದು ಸೀರೆ ಅಂಚು

ಹೊಸ ಟೀವಿ ಬಂದ ಮನೆಯಲ್ಲಿ ಎಲ್ಲರೂ ಟೀವಿಯನ್ನು ನೋಡುತ್ತಾರೆ, ಡಬ್ಬವನ್ನು ನೋಡುವವರು ಯಾರೂ ಇಲ್ಲ. ಅದನ್ನು ಸೀಳಿ, ಮೂಲೆಗಳಿಗೆ ಕೊಟ್ಟ ಫೋಮನ್ನು ಮುರಿದು, ಬಾಲ್ಕನಿಗೆ ತುರುಕಿ, ಭಾನುವಾರ ಹಳೇ ಪೇಪರಿನವನಿಗೆ ಕೊಟ್ಟುಬಿಡುತ್ತಾರೆ. ನಮ್ಮ ಕೆಲಸ ಚೆನ್ನಾಗಿ ಆಗಿದೆ ಎನ್ನುವುದಕ್ಕೆ ಅದೇ ಗುರುತು. ಯಾರಿಗಾದರೂ ಡಬ್ಬದ ನೆನಪಾಯಿತು ಎಂದರೆ ಒಳಗೆ ಏನೋ ಒಡೆದಿದೆ ಎಂದೇ ಅರ್ಥ.

ನಾನಿರುವುದು ಸಿಂಗಸಂದ್ರದಲ್ಲಿ. ನಮ್ಮ ಕಟ್ಟಡದ ಮೇಲಿನ ಮನೆಯ ಹುಡುಗಿ ಡಿಪ್ಲೊಮಾ ಮುಗಿಸಿ ಒಂದು ಪ್ಯಾಕೇಜಿಂಗ್ ಕಂಪನಿ ಸೇರುವವಳಿದ್ದಾಳೆ. ಮೊನ್ನೆ ಬಂದು, "ಆಂಟಿ, ಕಾಲೇಜಲ್ಲಿ ಹೇಳಿಕೊಟ್ಟಿದ್ದು ಗೊತ್ತು. ಅಲ್ಲಿ ನಿಜವಾಗ್ಲೂ ಏನ್ ಮಾಡ್ತೀರಿ?" ಎಂದು ಕೇಳಿದಳು. ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲ ಅನ್ನಿಸಿತು. ಅವಳಿಗೂ, ಅವಳ ಹಾಗೆ ಮುಂದೆ ಬರುವವರಿಗೂ ಆಗಲಿ ಎಂದು ಬರೆಯುತ್ತಿದ್ದೇನೆ.

ಮಗಳು ಕಾಲೇಜು ಮೆಟ್ಟಿಲು ಹತ್ತುವವರೆಗೂ ನಾನು ಮನೆ ಬಿಟ್ಟು ಹೋದವಳಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ರಸ್ತೆಯಲ್ಲಿ ಒಂದು ದೊಡ್ಡ ತಗಡಿನ ಶೆಡ್ಡು. ಪಕ್ಕದ ಕಾಂಪೌಂಡಿನ ಟೀವಿ ಕಂಪನಿಯಿಂದ ಜೋಡಿಸಿದ ಟೀವಿಗಳು ತಳ್ಳುಗಾಡಿಯಲ್ಲಿ ಬರುತ್ತಿದ್ದವು. ಅವಕ್ಕೆ ಮೂಲೆ, ಅಂದರೆ ಮೂಲೆಗಿಡುವ ಮೆತ್ತೆ, ಕತ್ತರಿಸಿ, ಡಬ್ಬ ಮಡಿಸಿ, ತುಂಬಿ ಕಳಿಸುವುದು ನಮ್ಮ ಶೆಡ್ಡಿನ ಗುತ್ತಿಗೆ. ಡಬ್ಬ ತಪಾಸಣೆ ಮಾಡಿ, ಇಂಗ್ಲಿಷಿನಲ್ಲಿ ಮೇಲ್ ಬರೆಯಲು ಒಬ್ಬರು ಬೇಕು ಎಂದು ಯಾರೋ ಹೇಳಿದರು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ, ಹೊಲಿಗೆ ಸಿಸ್ಟರ್ ಹತ್ತಿರ ಕಿವಿ ಹಿಂಡಿಸಿಕೊಂಡು ಮೂಲೆ ಮಡಿಸುವುದನ್ನೂ ಕಲಿತಿದ್ದೇನೆ, ಇನ್ನೇನು ಬೇಕು ಎಂದುಕೊಂಡು ಹೋದೆ.

ಸಂದರ್ಶನ ಮಾಡಿದವರು ಸೂಪರ್‌ವೈಸರ್ ಚಂದ್ರಪ್ಪ. ಆನೇಕಲ್ ಕಡೆಯ ರೈತರ ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ರೂಮುಗಳನ್ನು ಕಟ್ಟಿಸಿದ್ದರು, ಆದರೂ ಕೆಲಸ ಬಿಟ್ಟಿರಲಿಲ್ಲ. ಗಾಜಿನ ಫೋಟೋ ಫ್ರೇಮೊಂದನ್ನು ಕೈಗೆ ಕೊಟ್ಟು, "ಪ್ಯಾಕ್ ಮಾಡಿ ಮೇಡಂ" ಎಂದರು. ನಾನು ಬಬಲ್ ಹಾಳೆಯನ್ನು ಸುತ್ತಿ, ನಾಲ್ಕೂ ಮೂಲೆಯನ್ನು ಹಾಸಿಗೆ ಚಾದರದ ಹಾಗೆ ಮಡಿಸಿ, ಟೇಪನ್ನು ನೇರವಾಗಿ ಹಚ್ಚಿ ಕೊಟ್ಟೆ. ಅವರು ಮೆಚ್ಚಿಕೊಂಡೇ ತಿರುಗಿಸಿ ನೋಡಿ ಮೇಜಿನಿಂದ ಕೆಳಗೆ ಬಿಟ್ಟರು. ಒಳಗೆ ಚಿಟಿಲ್ ಎಂದಿತು.

"ಬೋ ಚೆಂದಾಗೈತೆ. ಆದ್ರೆ ಗಾಜು ಓಯ್ತು."

ನನ್ನ ಮುಖ ಸಣ್ಣಗಾಗಿದ್ದು ಕಂಡಿರಬೇಕು. ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ನೀವು ಮುಖ ಮುಚ್ಚಿದ್ರಿ ಮೇಡಂ. ಗಾಜಿನ ಮುಖ ಯಾರೂ ಮುಟ್ಬಾರ್ದು. ನಾಕು ಮೂಲೆ ಇಡ್ಕಂಡು ನಿಲ್ಸಿದ್ರೆ ಸಾಕು, ಮಿಕ್ಕಿದ್ದೆಲ್ಲ ಗಾಳಿ ನೋಡ್ಕತದೆ. ಗಾಜು ನಿಂತಿದ್ರೆ ಗೋಡೆ, ಮಲಗುಸ್ದ್ರೆ ಅಪ್ಪಳ. ಇಷ್ಟೇಯ."

ಹೊಸ ಹುಡುಗಿಯರಿಗೆ ನಾನು ಹೇಳಬೇಕಾದ ವಿದ್ಯೆಯೆಲ್ಲ ಆ ಮಾತಿನಲ್ಲೇ ಇದೆ. ಟೀವಿಯ ಪ್ಯಾನೆಲ್ ಎಂದರೆ ಅಗಲವಾದ, ತೀರ ತೆಳುವಾದ ಗಾಜು. ಅದನ್ನು ನಿಲ್ಲಿಸಿ ಒಯ್ದರೆ ಅದರ ಭಾರವನ್ನು ಅದೇ ಹೊರುತ್ತದೆ. ಮಲಗಿಸಿದರೆ ನಡು ಕುಸಿಯುತ್ತದೆ, ಲಾರಿ ಕುಣಿದಾಗಲೆಲ್ಲ ಇನ್ನಷ್ಟು ಕುಸಿಯುತ್ತದೆ, ಒಂದು ಸಲ ಸಾಕಾಗಿ ಬಿರಿಯುತ್ತದೆ. ಮೂಲೆಯ ಫೋಮಿಗೂ ಡಬ್ಬದ ರಟ್ಟಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿದ್ದರೂ ಅಷ್ಟೇ, ಒಳಗೆ ಓಡಾಡಿ ಓಡಾಡಿ ಒಡೆಯುತ್ತದೆ.

ಉಳಿದದ್ದು ಕೈಯ ಕೆಲಸ. ನಮ್ಮ ಲೈನಿನ ಹೆಂಗಸರೆಲ್ಲ ಗಾಜಿನ ಬಳೆ ತೊಡುವವರು. ಬಳೆ ತಾಗಿದರೆ ಪ್ಯಾನೆಲ್ ಮೇಲೆ ಗೀರು ಬೀಳುತ್ತದೆ. ಬಳೆ ತೆಗೆದು ಬನ್ನಿ ಎಂದು ಟೀವಿ ಕಂಪನಿಯವರು ಬೋರ್ಡು ಹಾಕಿಸಿದ್ದರು. ಗಂಡ ಬದುಕಿರುವಾಗ ಬರಿಗೈಯಲ್ಲಿ ನಿಲ್ಲುವುದಕ್ಕೆ ಯಾರೂ ಒಪ್ಪಲಿಲ್ಲ. ಜಗಳವೂ ಆಗಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ಎಲ್ಲರೂ ಬಬಲ್ ಹಾಳೆಯ ಪಟ್ಟಿಯನ್ನು ಬಳೆಯ ಮೇಲೆ ಸುತ್ತಿ ಟೇಪು ಹಚ್ಚಿಕೊಂಡು ಸಾಲಾಗಿ ನಿಂತಿದ್ದಾರೆ. ಟೀವಿಗಿಂತ ಮೊದಲು ಬಳೆಗಳೇ ಪ್ಯಾಕಾಗಿದ್ದವು. ಬೋರ್ಡು ತಾನಾಗಿಯೇ ಬಿದ್ದುಹೋಯಿತು, ಮತ್ತೆ ಯಾರೂ ಎತ್ತಿ ಹಾಕಲಿಲ್ಲ. ನೀವು ಸೇರುವ ಕಡೆ ಈಗಲೂ ಹಾಗೆ ಸುತ್ತಿಕೊಂಡವರು ಕಂಡರೆ ನಗಬೇಡಿ. ಒಂದು ಪಟ್ಟಿ ಕೇಳಿ ನೀವೂ ಸುತ್ತಿಕೊಳ್ಳಿ.

ಡಬ್ಬದ ಮೇಲಿನ ಗುರುತುಗಳ ಬಗ್ಗೆಯೂ ಹೇಳಬೇಕು. ಕಾಲು ಇರುವ ಗಾಜಿನ ಲೋಟದ ಚಿತ್ರ ಎಂದರೆ ಒಳಗೆ ಒಡೆಯುವ ಸಾಮಾನಿದೆ ಎಂದು. ಮೇಲೆ ನೋಡುವ ಬಾಣ ಎಂದರೆ ಈ ಕಡೆ ಮೇಲಿರಲಿ ಎಂದು. ಇವು ಪ್ರಪಂಚದ ಎಲ್ಲರಿಗೂ ತಿಳಿಯುತ್ತವೆ ಎಂದು ನಾನು ನಂಬಿದ್ದೆ. ಒಮ್ಮೆ ಲೋಡ್ ಆಗುವಾಗ ಹಮಾಲಿಯೊಬ್ಬರು ಡಬ್ಬಕ್ಕೆ ಕಿವಿಗೊಟ್ಟು ನಿಂತಿದ್ದರು. ಯಾಕೆಂದು ಕೇಳಿದರೆ ಉತ್ತರ ಕೊಟ್ಟವರು ಚಂದ್ರಪ್ಪ: "ಆ ಗ್ಲಾಸ್ ಚಿತ್ರ ನೋಡಿ ಒಳ್ಗೆ ಬ್ರಾಂದಿ ಐತೆ ಅಂದ್ಕಂಡವ್ರೆ ಮೇಡಂ. ಕುಲುಕ್ತದಾ ಅಂತ ಕೇಳ್ತಾವ್ರೆ." ಇನ್ನೊಬ್ಬರು ಬಾಣ ನೋಡಿ, ಆ ಕಡೆಗೆ ತಳ್ಳಬೇಕೇನೋ ಎಂದು ಡಬ್ಬವನ್ನು ಮಲಗಿಸಿ ತಳ್ಳಿಕೊಂಡು ಹೋಗಿದ್ದರು. ಅವರದ್ದೂ ತಪ್ಪೇನಲ್ಲ. ಬಾಣ ಇರುವುದು ದಾರಿ ತೋರಿಸುವುದಕ್ಕೇ ತಾನೆ.

ಸಾಮಗ್ರಿ ಅಂತೂ ನನ್ನ ಕಣ್ಣೆದುರಿಗೇ ಎಷ್ಟೋ ಬದಲಾಯಿತು. ಮೊದಲು ಥರ್ಮಾಕೋಲು. ಅದರ ಬಿಳಿ ಕಾಳು ಕೂದಲಿಗೆ, ಸೀರೆಗೆ, ಟಿಫಿನ್ ಡಬ್ಬಿಯ ಮೊಸರನ್ನಕ್ಕೆಲ್ಲ ಅಂಟುತ್ತಿತ್ತು. ನಮ್ಮವರು ಬಾಗಿಲಲ್ಲೇ, "ಏನಮ್ಮಾ, ಕಾಶ್ಮೀರಕ್ಕೆ ಹೋಗಿದ್ದೆಯಾ?" ಎನ್ನುತ್ತಿದ್ದರು. ಆಮೇಲೆ ಮೆತ್ತನೆಯ ಫೋಮ್ ಬಂತು. ಈಗ ಮೊಟ್ಟೆಯ ಟ್ರೇಯ ಹಾಗೆ ಕಾಗದದ ತಿರುಳನ್ನು ಅಚ್ಚೊತ್ತಿದ ಬೂದು ಬಣ್ಣದ ಮೂಲೆಗಳು. ಮುಟ್ಟಿದರೆ ಒರಟು, ಆದರೆ ಮಣ್ಣಿಗೆ ಹಾಕಿದರೆ ಕರಗಿಹೋಗುತ್ತದೆ. ಸಾಮಗ್ರಿ ಯಾವುದೇ ಬರಲಿ, ನಾಲ್ಕು ಮೂಲೆ ಹಿಡಿದು ನಿಲ್ಲಿಸುವುದು ಮಾತ್ರ ಬದಲಾಗಲಿಲ್ಲ.

ಇನ್ನು ರೇಣುಕಾಳ ವಿಷಯ. ಇಷ್ಟೆಲ್ಲ ಬರೆದದ್ದು ಅದಕ್ಕೆ ಪೀಠಿಕೆ ಎಂದರೂ ಸರಿಯೇ.

ರೇಣುಕಾ ಸವದತ್ತಿ ಸೀಮೆಯಿಂದ ಬಂದವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಚಂದ್ರಪ್ಪನವರ ರೂಮೊಂದರಲ್ಲೇ ಬಾಡಿಗೆಗಿದ್ದರು. ಮಗಳನ್ನು ಅಲ್ಲಿಯ ಸರ್ಕಾರಿ ಹೈಸ್ಕೂಲಿಗೆ ಆಗಷ್ಟೇ ಸೇರಿಸಿದ್ದಳು. ಲೈನಿನಲ್ಲಿ ಅವಳದ್ದು ಏಳನೇ ನಂಬರ್. ಪ್ರತಿ ಡಬ್ಬದ ಮೇಲೂ ಅದನ್ನು ತುಂಬಿದವರ ನಂಬರಿನ ಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿತ್ತು. ಮೂಲೆ ಕೂರಿಸುವಾಗ ಅವಳು ಅಂಗೈಯಿಂದ ಒತ್ತಿ, ಒಂದು ಗಳಿಗೆ ಹಾಗೇ ಹಿಡಿದುಕೊಂಡಿರುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಅವಳ ಡಬ್ಬಗಳನ್ನು ನಾನು ಅಲ್ಲಾಡಿಸಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ, ಕೆಲಸ ಕೆಲಸವೇ.

ಒಂದು ಸಲ ಅವಳು ಊರಿಗೆ ಹೋಗಿ ಬಂದಳು. ಬರುವಾಗ ಎಲ್ಲಮ್ಮನ ಗುಡ್ಡದ ಪ್ರಸಾದವೆಂದು ನಮಗೆಲ್ಲ ಹಳದಿ ಭಂಡಾರ, ಅಂದರೆ ದೇವಿಗೆ ಏರಿಸಿದ ಅರಿಸಿನ ಪುಡಿ, ತಂದುಕೊಟ್ಟಳು. ನಾನು ಕ್ರಿಶ್ಚಿಯನ್, ಹಣೆಗೆ ಇಡುವ ರೂಢಿಯಿಲ್ಲ. ಆ ಪೊಟ್ಟಣವನ್ನು ಪರ್ಸಿನಲ್ಲಿ ಮೇರಿ ಮಾತೆಯ ಪದಕದ ಪಕ್ಕಕ್ಕೆ ಇಟ್ಟುಕೊಂಡೆ. ಇಬ್ಬರೂ ತಾಯಂದಿರೇ, ಹೊಂದಿಕೊಂಡಿರುತ್ತಾರೆ ಎಂದುಕೊಂಡೆ.

ಅದಾದ ಸ್ವಲ್ಪ ದಿನಕ್ಕೇ ಟೀವಿಗಳು ಒಡೆದು ಹಿಂದಿರುಗಿ ಬರಲು ಶುರುವಾದವು. ಒಂದಲ್ಲ, ಎರಡಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಯ ಅಂಗಡಿಗಳಿಂದ ಫೋಟೋಗಳ ಮೇಲೆ ಫೋಟೋ. ಟೀವಿ ಕಂಪನಿಯ ಗುಣಮಟ್ಟದ ಅಧಿಕಾರಿ ವಿವೇಕ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಒಳ್ಳೆಯ ಹುಡುಗ, ಯಾವಾಗಲೂ ಊಟ ಮಾಡದೆ ಬಂದವರ ಹಾಗೆ ಕಾಣುತ್ತಿದ್ದರು.

"ಮೇಡಂ, ನಾನು ಯಾರನ್ನೂ ಬ್ಲೇಮ್ ಮಾಡ್ತಿಲ್ಲ. ಡೇಟಾ ಹೇಳ್ತಿದೆ ಅಷ್ಟೆ. ಒಡೆದಿರೋದೆಲ್ಲ ಸೆವೆನ್. ಬೇರೆ ಒಂದ್ ನಂಬರೂ ಇಲ್ಲ. ಮೂಲೆ ಸರಿಯಾಗಿ ಕೂರಿಸ್ತಿಲ್ಲ ಅವ್ರು."

"ಅವಳು ಕೂರಿಸ್ತಾಳೆ ವಿವೇಕ್. ನಾನೇ ನೋಡ್ತೀನಲ್ಲ."

"ನೀವು ನೋಡಿದ್ರೂ ಒಡೀತಿದೆಯಲ್ಲ ಮೇಡಂ. ಶನಿವಾರದೊಳಗೆ ಅವರನ್ನ ಲೈನಿಂದ ತೆಗೀರಿ. ಇಲ್ಲಾಂದ್ರೆ ನಮ್ಮೋರು ಬೇರೆ ವೆಂಡರ್ ನೋಡ್ತಾರೆ. ನನ್ ಕೈಲಿಲ್ಲ."

ಲೈನಿನಿಂದ ತೆಗೆಯುವುದು ಎಂದರೆ ಕೆಲಸದಿಂದ ತೆಗೆಯುವುದೇ. ನಮ್ಮ ಶೆಡ್ಡಿನಲ್ಲಿ ಇದ್ದದ್ದೇ ಆ ಒಂದು ಲೈನು. ರೇಣುಕಾಳ ಕೆಲಸ ಹೋದರೆ ಅವರು ಊರಿಗೆ ಹಿಂದಿರುಗುತ್ತಾರೆ, ಮಗಳ ಓದು ಅಲ್ಲಿಗೆ ನಿಲ್ಲುತ್ತದೆ. ಇದು ಅವಳಿಗೂ ಗೊತ್ತಿತ್ತು. ಅವಳು ಅಳಲಿಲ್ಲ. ಮೂಲೆಯನ್ನು ಮೊದಲಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯತೊಡಗಿದಳು.

"ಕೂಡಿಸೀನ್ರಿ ಅಕ್ಕಾರ. ನೀವು ಅಳ್ಳಾಡಿಸಿ ನೋಡ್ರಿ. ನಾ ಏನ್ ತಪ್ಪು ಮಾಡೇನಿ ಅಂತ ತೋರಿಸ್ರಿ, ತಿದ್ದಿಕೋತೀನಿ."

ಅಲ್ಲಾಡಿಸಿದೆ, ಒಳಗೆ ಏನೂ ಅಲುಗಲಿಲ್ಲ.

ಹಿಂದಿರುಗಿ ಬಂದ ಡಬ್ಬಗಳನ್ನು ಶೆಡ್ಡಿನ ಹಿಂದೆ ಒರಗಿಸಿದ್ದರು. ಊಟದ ಹೊತ್ತಿನಲ್ಲಿ ಒಬ್ಬಳೇ ಹೋಗಿ ಒಂದೊಂದನ್ನೇ ನೋಡಿದೆ. ಮೂಲೆಗಳು ಹಾಳಾಗಿರಲಿಲ್ಲ. ಟೀವಿಯನ್ನು ಹೊರಗೆ ತೆಗೆದರೆ, ಬಿರುಕು ಹೊರಟಿದ್ದು ನಡುಮಧ್ಯದಿಂದ. ಮೂಲೆ ಸಡಿಲವಾಗಿದ್ದರೆ ಬಿರುಕು ಮೂಲೆಯಿಂದ ಹೊರಡಬೇಕು. ಡಬ್ಬದ ಅಗಲವಾದ ಮುಖದ ಮೇಲೆ, ಕಂಪನಿಯ ಹೆಸರಿನ ಕೆಳಗೆ, ಅಂಚೆಚೀಟಿಯಷ್ಟು ಚಿಕ್ಕ ಚಿತ್ರವೊಂದು ಅಂಟಿತ್ತು: ಎಲ್ಲಮ್ಮ. ಎಲ್ಲ ಡಬ್ಬದ ಮೇಲೂ ಇತ್ತು. ನಾನು ತಪಾಸಣೆ ಮಾಡಿ ಕಳಿಸುವಾಗ ಇದು ಇರುತ್ತಿರಲಿಲ್ಲ. ಪಟ್ಟಿ ಬಿಗಿದು ಲಾರಿಗೆ ಕಾಯುವಾಗ ಯಾರೋ ಅಂಟಿಸಿದ್ದರು. ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಆದರೆ ನನ್ನ ಕಣ್ಣು ನಿಂತಿದ್ದು ಚಿತ್ರದ ಮೇಲಲ್ಲ, ಅದರ ಸುತ್ತಲಿನ ಕಲೆಯ ಮೇಲೆ. ಯಾರೋ ಚಿತ್ರಕ್ಕೆ ಭಂಡಾರ ಹಾಕಿದ್ದರು, ಹಳದಿ ಬಣ್ಣ ರಟ್ಟಿಗೆ ಇಳಿದಿತ್ತು. ಪಕ್ಕದಲ್ಲಿ ಎಣ್ಣೆಯ ಹನಿ ಬಿದ್ದ ಗುರುತು. ಎರಡೂ ಗುಂಡಗಿದ್ದವು.

ಮನೆವಾರ್ತೆ ಮಾಡಿದ ಯಾರಿಗಾದರೂ ಇದು ತಿಳಿಯುತ್ತದೆ. ಉಟ್ಟ ಸೀರೆಯ ಮೇಲೆ ಸಾರು ಚೆಲ್ಲಿದರೆ ಕಲೆ ಕೆಳಕ್ಕೆ ಹರಿಯುತ್ತದೆ, ಬಾಲ ಬರುತ್ತದೆ. ಮೇಜಿನ ಬಟ್ಟೆಯ ಮೇಲೆ ಚೆಲ್ಲಿದರೆ ಗುಂಡಗೆ ನಿಲ್ಲುತ್ತದೆ. ನಿಲ್ಲಿಸಿದ ಡಬ್ಬದ ಮುಖಕ್ಕೆ ಎಣ್ಣೆ ಹನಿ ಬಿದ್ದಿದ್ದರೆ ಅದು ಇಳಿದು ಗೆರೆಯಾಗಬೇಕಿತ್ತು. ಈ ಡಬ್ಬ ಮಲಗಿತ್ತು. ಮಲಗಿಸಿಯೇ ಯಾರೋ ಅದಕ್ಕೆ ಪೂಜೆ ಮಾಡಿದ್ದರು.

ಚಂದ್ರಪ್ಪನವರನ್ನು ಕರೆದು ತೋರಿಸಿದೆ. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಪೀಣ್ಯದ ಗೋಡೌನಲ್ಲಿ ಮೇಡಂ. ಹುಬ್ಬಳ್ಳಿ ಲಾರಿಗೆ ಅಲ್ಲೇ ಲೋಡ್ ಬದ್ಲಾಗದು. ನಾಳೆ ಮಾಲಿನ ಜೊತೆ ನಾವೂ ಓಗವ."

"ನಾಳೆ ಶುಕ್ರವಾರ. ಶನಿವಾರಕ್ಕೆ ಒಂದೇ ದಿನ."

"ಅದ್ಕೇಯ ನಾಳೆ."

ಮಾರನೆಯ ದಿನ ಸಣ್ಣ ಗೂಡ್ಸ್ ಗಾಡಿಯಲ್ಲಿ ಡ್ರೈವರ್ ಪಕ್ಕ ಅವರು, ಅವರ ಪಕ್ಕ ನಾನು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಪೀಣ್ಯ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಟೀವಿ ತುಂಬಿದ ಗಾಡಿಯಲ್ಲಿ ಕೂತರೆ ರಸ್ತೆಯ ಒಂದೊಂದು ಹಂಪೂ ನಮ್ಮ ಬೆನ್ನುಮೂಳೆಗೇ ಗೊತ್ತಾಗುತ್ತದೆ. ಪ್ಯಾಕಿಂಗ್ ಕೆಲಸಕ್ಕೆ ಸೇರಿದವರೆಲ್ಲ ಒಮ್ಮೆ ಹೀಗೆ ಹೋಗಿ ಬರಬೇಕು. ಪುಸ್ತಕದಲ್ಲಿ ಓದಿದ ಕಂಪನ ಎಂಬ ಪದ ಆಮೇಲೆ ಬೇರೆಯೇ ಕೇಳಿಸುತ್ತದೆ.

ಗೋಡೌನಿನ ಹಮಾಲಿಗಳ ಹಿರಿಯ ಹನುಮಂತಣ್ಣ. ಬೆಳಗಾವಿ ಜಿಲ್ಲೆಯವರು, ಬಿಳಿ ಮೀಸೆ, ತಲೆಗೆ ಸುತ್ತಿದ ಕೆಂಪು ವಸ್ತ್ರ. ನಾವು ಯಾವ ಕಂಪನಿಯವರು ಎಂದು ತಿಳಿದೊಡನೆ ಅವರ ಮುಖ ಅರಳಿತು.

"ಆ ತಾಯಿ ಚಿತ್ರ ಹಚ್ಚಿ ಕಳಸೋರು ನೀವ ಏನ್ರಿ? ಬರ್ರಿ, ಬರ್ರಿ. ನೋಡ್ರಿ ನಾವು ಹೆಂಗ ಇಟ್ಟೇವಿ ಅಂತ."

ಹಿಂದಿನ ದಿನ ಬಂದಿದ್ದ ನಮ್ಮ ಮಾಲಿನಿಂದ ಲಾರಿ ಅರ್ಧ ತುಂಬಿತ್ತು. ಬೇರೆ ನಂಬರಿನ ಡಬ್ಬಗಳು ಕೆಳಗೆ ಒತ್ತಾಗಿ ಸಾಲು ನಿಂತಿದ್ದವು, ಹಗ್ಗ ಬಿಗಿದಿತ್ತು. ಎಲ್ಲಕ್ಕಿಂತ ಮೇಲೆ, ಗೋಣಿಚೀಲ ಹಾಸಿ, ಏಳನೇ ನಂಬರಿನ ಡಬ್ಬಗಳನ್ನು ಅಂಗಾತ ಮಲಗಿಸಿದ್ದರು. ಎಲ್ಲಮ್ಮ ಆಕಾಶ ನೋಡುತ್ತಿದ್ದಳು. ಮುಂದೆ ಊದುಬತ್ತಿ. ಹಗ್ಗ ಇಲ್ಲ.

ಚಂದ್ರಪ್ಪ ಮೆಲ್ಲಗೆ ಕೇಳಿದರು. "ಇದ್ಯಾಕಣ್ಣ ಮಲಗಿಸಿದ್ದೀರಿ?"

"ಮತ್ತ? ತಾಯಿ ಮುಖಕ್ಕ ಇನ್ನೊಂದ್ ಡಬ್ಬಿ ಒತ್ತಿ ನಿಂದರಸಬೇಕೇನ್ರಿ?"

"ಹಗ್ಗ?"

"ತಾಯಿ ಮೈಮ್ಯಾಲ ಹಗ್ಗ ಬಿಗೀತಾರೇನ್ರಿ ಯಾರಾದ್ರೂ? ನಮ್ಮ ಹುಡುಗ್ರು ಕಾಲು ತೊಳಕೊಂಡು ಮ್ಯಾಲ ಹತ್ತತಾರ. ಮೊದಲ ದೀಪಾನೂ ಹಚ್ಚತಿದ್ವಿ, ಲಾರಿ ಮಾಲಕ್ರು ಬೈದ್ರು ಅಂತ ಬಿಟ್ವಿ."

ಚಂದ್ರಪ್ಪನವರೂ ನಾನೂ ಮುಖ ಮುಖ ನೋಡಿಕೊಂಡೆವು. ಇಡೀ ಲಾರಿಯಲ್ಲಿ ಅತಿ ಹೆಚ್ಚು ಮರ್ಯಾದೆ ಸಿಕ್ಕಿದ್ದು ಆ ಡಬ್ಬಗಳಿಗೆ. ತುತ್ತತುದಿಯಲ್ಲಿ, ಅಂಗಾತ, ಸಡಿಲವಾಗಿ, ಹುಬ್ಬಳ್ಳಿಯವರೆಗೆ ಕುಣಿದುಕೊಂಡು ಹೋಗುತ್ತಿದ್ದದ್ದೂ ಅವೇ. ಬೇರೆ ದಿಕ್ಕಿಗೆ ಹೋದ ಏಳನೇ ನಂಬರು ಯಾಕೆ ಒಡೆದಿರಲಿಲ್ಲ ಎನ್ನುವುದೂ ಆಗ ತಿಳಿಯಿತು. ಆ ಲಾರಿಗಳ ಹಮಾಲಿಗಳಿಗೆ ಎಲ್ಲಮ್ಮನ ಗುರುತಿರಲಿಲ್ಲ. ಅವರು ಎಲ್ಲದರ ಜೊತೆ ನಿಲ್ಲಿಸಿ, ಹಗ್ಗ ಬಿಗಿದು ಕಳಿಸುತ್ತಿದ್ದರು.

ಗಾಜು ನಡುವೆ ಬಿರಿಯುತ್ತಿದೆ ಎಂದು ಹನುಮಂತಣ್ಣನಿಗೆ ಹೇಳಿದಾಗ ಅವರು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕೇಳಿದ್ದು ಇಷ್ಟೇ: "ಆ ಚಿತ್ರ ಹಚ್ಚಾಕಿ ಯಾರ್ರಿ?"

"ಸವದತ್ತಿ ಕಡೆಯ ಹೆಣ್ಣುಮಗಳು. ಒಡೆದಿದ್ದಕ್ಕೆ ಅವಳ ಕೆಲಸ ಹೋಗೋ ಹಾಗಿದೆ."

"ನಾವು ಮಾಡಿದ್ದಕ್ಕ ಆಕೀ ಕೆಲಸ ಹೊಕ್ಕೈತೇನ್ರಿ?" ಎಂದವರೇ ಲಾರಿ ಹತ್ತಿದರು. ಒಂದೊಂದು ಡಬ್ಬವನ್ನೂ ತಾವೇ ಎತ್ತಿ, ಚಿತ್ರವನ್ನು ಉಗುರಿನಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡು, ಕೆಳಗಿನ ಸಾಲಿಗೆ ನಿಲ್ಲಿಸಿದರು. ಹಗ್ಗ ಬಿಗಿಯುವ ಮೊದಲು ಒಮ್ಮೆ ಕೈ ಮುಗಿದರು.

ವಿವೇಕ್‌ಗೆ ಅಲ್ಲಿಂದಲೇ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಮೇಡಂ, ಇದನ್ನ ನಾನು ರಿಪೋರ್ಟಲ್ಲಿ ಏನಂತ ಬರೀಲಿ?"

"ತಪ್ಪಾದ ಭಂಗಿಯಲ್ಲಿ ಸಾಗಣೆ ಅಂತ ಬರೀರಿ ವಿವೇಕ್. ಅದು ನಿಜ ತಾನೆ. ಏಳನೇ ನಂಬರಿನ ಮೂಲೆ ಸರಿಯಾಗಿತ್ತು ಅಂತಲೂ ಬರೀರಿ, ಅದೂ ನಿಜ."

ಆ ಕಡೆ ಕೀಲಿಮಣೆ ಕುಟ್ಟಿದ ಸದ್ದು. "ಈ ಲಾರಿ ಮಾಲು ಸರಿಯಾಗಿ ಮುಟ್ಟಲಿ ಮೇಡಂ. ಮುಟ್ಟಿದ್ರೆ ಶನಿವಾರದ ಮಾತು ನಾನೇ ವಾಪಸ್ ತಗೋತೀನಿ."

ರೇಣುಕಾಳಿಗೆ ಹೇಳುವುದೇ ಕಷ್ಟವಾಯಿತು. ಚಂದ್ರಪ್ಪ, "ನೀವೇ ಏಳಿ ಮೇಡಂ, ನನ್ ಕೈಲಾಗಲ್ಲ" ಎಂದು ಫೋಮ್ ರಾಶಿಯ ಹಿಂದೆ ಹೋಗಿ ನಿಂತರು. ಶೆಡ್ಡಿನ ಹೊರಗೆ ಊಟದ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಮೂಲೆ ತಪ್ಪಿಲ್ಲ, ಕೈ ತಪ್ಪಿಲ್ಲ ಎಂದೆ. ಅವಳು ರೊಟ್ಟಿಯ ಬುತ್ತಿಯನ್ನು ಮುಚ್ಚಿ ಬಿಚ್ಚಿ ಮುಚ್ಚಿದಳು.

"ಮೂಲಿ ನಾ ಕಾಯ್ತೀನಿ, ದಾರಿ ನೀ ಕಾಯವ್ವಾ ಅಂತ ಹಚ್ಚಿ ಕಳಸ್ತಿದ್ನಿರಿ" ಎಂದಳು. "ಆಕೀನ್ನ ಅಂಗಾತ ಮಲಗಿಸಿ ಕಳಿಸಿದ್ರ ಆಕೀರ ಏನ್ ಕಾಯ್ತಾಳ?"

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರೂ ಬಂತು. ನನಗೂ ಅಷ್ಟೆ.

"ಇನ್ನ ಹಚ್ಚೂದಿಲ್ರಿ." ಬುತ್ತಿಯ ಗಂಟು ಬಿಗಿಯುತ್ತಾ, "ಒಳಗ, ಯಾರಿಗೂ ಕಾಣಧಂಗ, ಒಂದ್ ಬೊಟ್ಟು ಭಂಡಾರ ಹಚ್ಚಲೇನ್ರಿ ಅಕ್ಕಾರ?" ಎಂದು ಕೇಳಿದಳು.

"ಬೇಡಮ್ಮಾ. ಕಲೆ ಅಂತ ನಾನೇ ವಾಪಸ್ ಕಳಿಸಬೇಕಾಗುತ್ತೆ."

"ಆತ್ರಿ."

ಆ ಲಾರಿಯ ಮಾಲು ಒಂದೂ ಒಡೆಯದೆ ಮುಟ್ಟಿತು. ವಿವೇಕ್ ತಾವೇ ಬಂದು ಲೈನಿನ ಮುಂದೆ ನಿಂತು, "ಸಾರಿ ಅಕ್ಕ" ಎಂದರು. ರೇಣುಕಾ ಅವರಿಗೆ ಒಂದು ರೊಟ್ಟಿ ಕೊಟ್ಟಳು. ಅವರು ನಿಂತಲ್ಲೇ ತಿಂದರು. ಅಂದು ಖಂಡಿತ ಊಟವಾಗಿರಲಿಲ್ಲ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಲ್ಲಮ್ಮ ಇಲ್ಲದಿದ್ದರೂ ಡಬ್ಬ ಮಲಗುವುದಕ್ಕೆ ನೂರು ಕಾರಣ ಇರುತ್ತವೆ. ಬಾಣದ ಮಾತನ್ನು ಯಾರೂ ಕೇಳುವುದಿಲ್ಲ ಎಂದು ನಮಗೆ ಗೊತ್ತಿತ್ತು. ಹನುಮಂತಣ್ಣನನ್ನು ಒಮ್ಮೆ ಶೆಡ್ಡಿಗೆ ಕರೆಸೋಣ, ಡಬ್ಬ ನೋಡಿದರೆ ಅವರಿಗೆ ಏನನ್ನಿಸುತ್ತದೆ ಕೇಳೋಣ ಎಂದು ಚಂದ್ರಪ್ಪ ಹೇಳಿದರು. ನಾನು ನನ್ನ ಕಾನ್ವೆಂಟ್ ಅಕ್ಷರದಲ್ಲಿ "ನಿಲ್ಲಿಸಿ ಇಡಿ" ಎಂದು ದೊಡ್ಡದಾಗಿ ಬರೆದ ಡಬ್ಬಗಳನ್ನು ಸಾಲಾಗಿ ಇಟ್ಟಿದ್ದೆ. ಹನುಮಂತಣ್ಣ ಬಂದು ಅಕ್ಷರಗಳನ್ನು ಗೌರವದಿಂದ ನೋಡಿದರು, ಓದು ಬರುತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ರೇಣುಕಾಳ ಖಾಲಿ ಡಬ್ಬ ಒಂದು ಅಡ್ಡ ಬಿದ್ದಿತ್ತು. ಅದರ ತಳ ಬಿಟ್ಟುಕೊಂಡಿತ್ತೆಂದು ಅವಳು ಉಳಿದ ಕೆಂಪು ಟೇಪನ್ನು ಬುಡದ ಸುತ್ತ ಎರಡು ಸಾಲು ಸುತ್ತಿದ್ದಳು, ಒಂದು ಅಗಲ, ಒಂದು ಸಪೂರ. ಹನುಮಂತಣ್ಣ ನಮ್ಮ ಜೊತೆ ಮಾತಾಡುತ್ತಲೇ, ನೋಡದವರ ಹಾಗೆ, ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಕೆಂಪು ಸಾಲು ಕೆಳಗೆ ಬಂತು.

"ಯಾಕಣ್ಣ ಎತ್ತಿ ಇಟ್ರಿ?" ಎಂದೆ.

"ಯಾವುದು? ಇದಾ?" ತಾವು ಮಾಡಿದ್ದನ್ನು ಆಗಷ್ಟೇ ಕಂಡವರ ಹಾಗೆ ಡಬ್ಬ ನೋಡಿದರು. "ಅಂಚು ಅಡ್ಡ ಬಿದ್ದಿತ್ತಲ್ರಿ. ಸೀರಿ ಅಂಚು ಕೆಳಗ ಇರಬೇಕಲ್ರಿ."

ರೇಣುಕಾ ತನ್ನ ಇಳಕಲ್ ಸೀರೆಯ ಅಂಚನ್ನು ನೋಡಿಕೊಂಡಳು. ನಾನೂ ನನ್ನದನ್ನು ನೋಡಿಕೊಂಡೆ. ಚಂದ್ರಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ನಮ್ಮನೆ ಎಂಗಸ್ರು ಅಂಗಡೀಲಿ ಕೂತು ಎಲ್ಲದ್ಕಿಂತ ಮುಂಚೆ ಅಂಚೇ ನೋಡದು. ನಮ್ ತಲೇಗೆ ಓಗ್ಲಿಲ್ವಲ್ಲ ಇದು" ಎಂದರು.

ವಿವೇಕ್ ಮೊದಲು ಒಪ್ಪಲಿಲ್ಲ. "ಸ್ಟ್ಯಾಂಡರ್ಡಲ್ಲಿ ಇಂಥದ್ದೊಂದು ಸಿಂಬಲ್ಲೇ ಇಲ್ಲ ಮೇಡಂ."

"ಸಿಂಬಲ್ ಅಂತ ಆಕದು ಬ್ಯಾಡ ಸಾರ್," ಎಂದರು ಚಂದ್ರಪ್ಪ. "ಚೆಂದಕ್ಕೆ ಅಂತ ಆಕನ."

ಚೆಂದಕ್ಕೆ ಎಂದೇ ಒಪ್ಪಿಗೆ ಸಿಕ್ಕಿತು. ಡಬ್ಬದ ಬುಡದ ಸುತ್ತ ಕೆಂಪು ಅಂಚು, ಅಂಚಿನೊಳಗೆ ಸಣ್ಣ ತೆನೆಯ ಸಾಲು. ಆಮೇಲೆ ಪೀಣ್ಯಕ್ಕೆ ಹೋದಾಗಲೆಲ್ಲ ನೋಡಿದ್ದೇನೆ, ಹಮಾಲಿಗಳು ಡಬ್ಬ ಇಳಿಸಿದ ಮೇಲೆ ಕೈಯಿಂದ ತಿರುಗಿಸಿ ಅಂಚನ್ನು ಕೆಳಗೆ ಮಾಡುತ್ತಿದ್ದರು. ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಎಲ್ಲೂ ಎಂದೂ ಒಡೆಯಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಗಾಜು ಗಾಜೇ. ಆದರೆ ಮಲಗಿದ್ದಕ್ಕೆ ಒಡೆದಿದ್ದು ಅಪರೂಪವಾಯಿತು.

ನಾನು ನಿವೃತ್ತಳಾಗುವ ಹೊತ್ತಿಗೆ ರೇಣುಕಾ ಲೈನಿನ ಮುಖ್ಯಸ್ಥೆಯಾಗಿದ್ದಳು. ಹೊಸಬರಿಗೆ ಮೂಲೆ ಒತ್ತುವುದನ್ನು ಕಲಿಸುವಾಗ, "ಜ್ವರ ನೋಡಿದಂಗ ಹಿಡೀರಿ" ಎನ್ನುತ್ತಿದ್ದಳು. ಆ ಮಾತನ್ನು ನಾನು ಅವಳೆದುರು ಎಂದೂ ಆಡಿದವಳಲ್ಲ. ಅವಳ ಮಗಳು ಹೈಸ್ಕೂಲು ದಾಟಿ ಪಿಯುಸಿಗೂ ಸೇರಿದ್ದಳು. ನನ್ನ ಕೊನೆಯ ದಿನ ಅವಳು ಕೊಟ್ಟಿದ್ದು ಒಂದು ಸೀರೆ. ಅಂಚು ಕೆಂಪು.

ಕಳೆದ ತಿಂಗಳು ನಮ್ಮ ಮನೆಯ ಹಳೆಯ ಟೀವಿ ಕೆಟ್ಟಿತು. ನಾನು ಆ ಕಂಪನಿಯದ್ದೇ ಬೇಕು ಎಂದು ಹಟ ಹಿಡಿದೆ. ನಮ್ಮವರು ಅಂಗಡಿಯವನಿಗೆ, "ನೋಡಿ, ಡಬ್ಬ ನೋಡಿ ಟೀವಿ ಕೊಳ್ಳೋ ಗಿರಾಕಿ ನಿಮಗೆ ಇನ್ನೊಬ್ಬರು ಸಿಗಲ್ಲ" ಎಂದರು. ಟೀವಿ ತಂದ ಇಬ್ಬರು ಹುಡುಗರು ಲಿಫ್ಟಿನಿಂದ ಡಬ್ಬ ಹೊರತೆಗೆದು, ನಮ್ಮ ಹಾಲಿನಲ್ಲಿ ಒಮ್ಮೆ ತಿರುಗಿಸಿ, ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿ, ಸಹಿ ಹಾಕಿಸಿಕೊಂಡು ಹೋದರು. ಚೀಟಿಯ ಮೇಲೆ ಏಳು ಎಂದಿತ್ತು. ಮುಖ್ಯಸ್ಥೆಯಾದ ಮೇಲೂ ಅವಳು ಡಬ್ಬ ತುಂಬುವುದನ್ನು ಬಿಟ್ಟಿಲ್ಲ.

ಎಲ್ಲರೂ ಟೀವಿಯನ್ನು ಗೋಡೆಗೆ ಹಾಕುವ ಗದ್ದಲದಲ್ಲಿದ್ದಾಗ ನಾನು ಮೂಲೆಗಳನ್ನು ಎತ್ತಿಕೊಂಡು ನೋಡಿದೆ, ಅಭ್ಯಾಸ. ಮೂರು ಸ್ವಚ್ಛವಾಗಿದ್ದವು. ನಾಲ್ಕನೆಯದರ ಒಳಮಗ್ಗುಲಲ್ಲಿ, ಗಾಜು ತಾಗದ ಕಡೆ, ಬೂದು ತಿರುಳಿನ ಮೇಲೆ ಬೆರಳ ತುದಿಯಷ್ಟು ಹಳದಿ. ಉಗುರಿನಿಂದ ಕೆರೆದು ಮೂಸಿದೆ. ಭಂಡಾರವೇ.

ಕೆಲಸದಲ್ಲಿದ್ದಿದ್ದರೆ ಕಲೆ ಎಂದು ಬರೆದು ಹಿಂದಕ್ಕೆ ಕಳಿಸಬೇಕಿತ್ತು. ಇಷ್ಟು ವರ್ಷ ನನ್ನ ಕೈಕೆಳಗೇ, ನನ್ನ ಕಣ್ಣು ತಪ್ಪಿಸಿ, ಎಷ್ಟು ಡಬ್ಬಗಳು ಹೀಗೆ ಹೋಗಿರಬಹುದೋ.

ಭಾನುವಾರ ಹಳೇ ಪೇಪರಿನವನು ಬಂದ. ಡಬ್ಬ ಕೊಟ್ಟೆ, ಮೂಲೆಗಳನ್ನೂ ಕೊಟ್ಟೆ. ಮೂರು.